ಮೂರು ಊರಲ್ಲಿ ಕೂತು ನೋಡಿದ ಸ್ಕ್ವಿಡ್

ವಿಡಿಯೋ ಡಿಸ್ಕ್ ಬಂದ ದಿನ ನಾವು ಮಾಡಿದ ಮೊದಲ ಕೆಲಸ ಕಿಟಕಿಗೆ ಕರಿ ಕಂಬಳಿ ಕಟ್ಟಿದ್ದು. ಆಳಂದದಲ್ಲಿ ನಮ್ಮ ಕೋಣೆ ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬೆಳಿಗ್ಗೆಯಿಂದಲೇ ಬಿಸಿಲು ನೇರವಾಗಿ ಬಂದು ಕಂಪ್ಯೂಟರ್ ಪರದೆಯ ಮೇಲೆ ಬೀಳುತ್ತಿತ್ತು. ನಾವು ನೋಡಬೇಕಾದ ಚಿತ್ರವೋ ಬೂದಿಯ ಮೇಲೆ ಬೂದಿ ಚೆಲ್ಲಿದಂಥದ್ದು. ಆ ಬೆಳಕಿನಲ್ಲಿ ನಮ್ಮ ನಮ್ಮ ಮುಖ ಕಾಣುತ್ತಿತ್ತೇ ಹೊರತು ಸಮುದ್ರ ಕಾಣುತ್ತಿರಲಿಲ್ಲ. ಕಂಬಳಿ ಕಟ್ಟಿ, ಬಾಗಿಲು ಮುಂದೆ ಮಾಡಿ, ಮೂರು ಕಂಪ್ಯೂಟರ್ ಮುಂದೆ ಮೂವರು ಹೆಂಗಸರು ಕೂತೆವು.

ಚಿತ್ರ ಅರಬ್ಬಿ ಸಮುದ್ರದ್ದು. ಉಕ್ಕಿನ ಚೌಕಟ್ಟಿಗೆ ಕ್ಯಾಮೆರಾ ಬಿಗಿದು, ಹಡಗಿನಿಂದ ಬಿಸಿಲು ಮುಟ್ಟದ ಆಳಕ್ಕೆ ಇಳಿಬಿಟ್ಟು ತೆಗೆದದ್ದು. ಅದರ ಜೊತೆಗೆ ಒಂದು ಕೆಂಪು ದೀಪ ಇರುತ್ತದೆ. ಬಿಳಿ ದೀಪ ಹಾಕಿದರೆ ಆ ಆಳದ ಪ್ರಾಣಿಗಳು ದೂರ ಸರಿದುಬಿಡುತ್ತವೆ. ಕೆಂಪು ಅವುಗಳ ಕಣ್ಣಿಗೆ ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಕ್ಯಾಮೆರಾದ ಮುಂದೆ ಒಂದು ಸರಳು, ಸರಳಿನ ತುದಿಗೆ ನೀಲಿ ದೀಪಗಳ ಬಳೆ. ಲೋಳೆಮೀನು ಗಾಬರಿಯಾದಾಗ ಮೈ ಸುತ್ತ ಮಿಂಚುತ್ತದಂತೆ, ಆ ಬಳೆಯೂ ಹಾಗೆಯೇ ಸುತ್ತಿ ಸುತ್ತಿ ಮಿಂಚುತ್ತದೆ. ಅದನ್ನು ನೋಡಲು ಸ್ಕ್ವಿಡ್‌ಗಳು ಬರುತ್ತವೆ. ಬಂದು ಏನು ಮಾಡುತ್ತವೆ, ಹೇಗೆ ಹೋಗುತ್ತವೆ ಎಂದು ನೋಡಿ ಗುರುತು ಹಾಕುವುದು ನಮ್ಮ ಕೆಲಸ.

ಸ್ಕ್ವಿಡ್ ಎಂದರೆ ಎಲುಬಿಲ್ಲದ, ಉದ್ದ ಚೀಲದಂಥ ಮೈಯ ಪ್ರಾಣಿ. ತಲೆಯಿಂದಲೇ ಎಂಟು ತೋಳುಗಳೂ ಎರಡು ಉದ್ದನೆಯ ಎಳೆಗಳೂ ಹೊರಟಿರುತ್ತವೆ. ಚೀಲದ ತುದಿಗೆ ಎರಡು ಕಡೆ ತೆಳ್ಳಗಿನ ರೆಕ್ಕೆ. ಕರಾವಳಿಯವರು ಬೊಂಡಾಸ್ ಎಂದು ಕರೆದು ಅಡುಗೆ ಮಾಡುತ್ತಾರೆ. ನಮ್ಮ ಕಡೆ ಅದಕ್ಕೆ ಹೆಸರೂ ಇಲ್ಲ, ಒಲೆಯೂ ಇಲ್ಲ.

ಕೆಲಸ ಕೊಟ್ಟವರು ಕರಾವಳಿಯ ಒಬ್ಬ ಸಂಶೋಧಕಿ. ತಾಳ್ಮೆಯಿಂದ ಕೂತು ನೋಡುವ ಜನ ಬೇಕೆಂದು ಅವರು ಹುಡುಕುತ್ತಿದ್ದಾಗ ಯಾರೋ ನನ್ನ ಹೆಸರು ಹೇಳಿದ್ದರು. ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವಳು ಎಂಬ ಒಂದೇ ಕಾರಣಕ್ಕೆ ಕೋಣೆಯ ಜವಾಬ್ದಾರಿ ನನ್ನ ಮೇಲೆ ಬಂತು. ಉಳಿದಿಬ್ಬರಲ್ಲಿ ಒಬ್ಬಾಕೆ ಅಫಜಲಪುರ ತಾಲೂಕಿನ ಕರಜಗಿಯವಳು. ಮನೆಯಲ್ಲಿ ಕಬ್ಬು ಇದೆ, ಬಾಯಿ ಮಾತ್ರ ಖಾರ. ಇನ್ನೊಬ್ಬಾಕೆ ಜೇವರ್ಗಿ ತಾಲೂಕಿನ ಅಂದೋಲಾದವಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ಕಡಿಮೆ. ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುವ ಕೆಲಸ ಮಾಡಿ, ಯಾವುದನ್ನು ಕಂಡರೂ ಮೊದಲು ಅಂಚು ನೋಡುವ ಅಭ್ಯಾಸ. ಇಬ್ಬರೂ ಸೋಮವಾರ ಬಂದು ಶನಿವಾರ ಊರಿಗೆ ಹೋಗುತ್ತಿದ್ದರು. ನಡುವಿನ ದಿನಗಳಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಅವರ ವಾಸ. ನಾನು ಕಾಲೇಜಿನಲ್ಲಿ ಇದ್ದವಳೆಂದೋ ಏನೋ, ಇಬ್ಬರೂ ಟೀಚರನ್ನು ಕರೆದ ಹಾಗೆ ನನ್ನನ್ನು ಅಕ್ಕೋರು ಎನ್ನುತ್ತಿದ್ದರು.

ಮೊದಲ ಕೆಲವು ದಿನ ನಾವು ನೋಡಿದ್ದು ಬರೀ ಹೊಟ್ಟು. ರಾಶಿಯಲ್ಲಿ ಜೋಳ ತೂರಿದಾಗ ಹೊಟ್ಟು ಹಾರುತ್ತದಲ್ಲ, ಹಾಗೆ ಪರದೆಯ ತುಂಬ ಬಿಳಿ ಚೂರುಗಳು ಇಳಿಯುತ್ತಲೇ ಇರುತ್ತವೆ. ಮೇಲಿನ ನೀರಿನಲ್ಲಿ ಸತ್ತದ್ದು, ತಿಂದು ಬಿಟ್ಟದ್ದು ಎಲ್ಲ ಹೀಗೆ ಕೆಳಗಿಳಿದು ಬರುತ್ತದೆ ಎಂದು ಸಂಶೋಧಕಿ ಹೇಳಿದ್ದರು. ಕೆಳಗಿನ ಅಂಗಡಿಯ ಮಾಲಕರು ಒಮ್ಮೆ ಮೇಲೆ ಬಂದರು.

"ಏನ್ರಿ ಅಕ್ಕೋರೆ, ಕಂಬಳಿ ಕಟಗೊಂಡು ಸಿನಿಮಾ ನೋಡಾಕತ್ತೀರಿ?"

"ಬರ್ರಿ, ಕುಂದರ್ರಿ. ನೀವೂ ನೋಡ್ರಿ," ಎಂದೆ.

ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದರು. "ಇದ್ರಾಗ ಏನೂ ಇಲ್ಲಲ್ರಿ."

"ಏನೂ ಇಲ್ಲದ್ದ ನೋಡಾಕೇ ನಮ್ಮನ್ನ ಕುಂದ್ರಿಸ್ಯಾರ್ರಿ ಕಾಕಾ," ಎಂದಳು ಕರಜಗಿಯಾಕೆ, ಕಣ್ಣು ಪರದೆಯಿಂದ ತೆಗೆಯದೆ.

ಮೊದಲ ಸ್ಕ್ವಿಡ್ ಬಂದದ್ದು ಅದೇ ವಾರ. ಹೊಟ್ಟಿನ ನಡುವೆ ಒಂದು ಕಡೆ ಬೂದಿ ಸ್ವಲ್ಪ ಗಟ್ಟಿಯಾಯಿತು, ಅಷ್ಟೇ. ಆ ಗಟ್ಟಿ ಭಾಗಕ್ಕೆ ಕಣ್ಣು ಮೂಡಿತು. ತೋಳುಗಳನ್ನೆಲ್ಲ ಒಂದೇ ಕಟ್ಟಾಗಿ ಮುಂದೆ ಹಿಡಿದು, ರೆಕ್ಕೆಯನ್ನು ಮಾತ್ರ ಸೆರಗಿನ ಅಂಚಿನ ಹಾಗೆ ಅಲೆಯಾಡಿಸುತ್ತ ನಿಂತಲ್ಲೇ ನಿಂತಿತು. ಆಮೇಲೆ ಒಮ್ಮೆಲೇ ಹಿಂದಕ್ಕೆ ಹಾರಿ ಹೋಯಿತು.

"ಇದಕ್ಕ ಬುದ್ಧಿ ಇಲ್ಲೇನ್ರಿ?" ಎಂದಳು ಕರಜಗಿಯಾಕೆ. "ಮಾರಿ ನಮ್ಮ ಕಡೆ ಮಾಡಿ ಬೆನ್ನ ಕಡೆ ಓಡ್ತದ."

"ಹಿರಿಯಾರ ಮುಂದಿಂದ ಸೊಸೆಂದಿರು ಹಂಗೇ ಹೋಗ್ತಾರಲ್ಲ ಯಕ್ಕಾ," ಎಂದಳು ಅಂದೋಲಾದಾಕೆ.

"ನಿಮ್ಮ ಊರಾಗ ಹೋಗ್ತಿರಬೇಕು ಬೇ. ನಮ್ಮ ಊರಾಗ ತಿರುಗಿ ಸೈತ ನೋಡೂದಿಲ್ಲ."

ಅವರ ನಗೆಯಲ್ಲಿ ನಾನೂ ಸೇರಿದೆ. ಆದರೆ ಆ ಮಾತಿನಲ್ಲೇ ನಮ್ಮ ಮೊದಲ ತಪ್ಪು ಇತ್ತು. ಎತ್ತು, ಎಮ್ಮೆ, ಆಡು ನೋಡಿದ ಕಣ್ಣು ನಮ್ಮವು; ಆ ಒಂದಕ್ಕೆ ಬುದ್ಧಿ ಇಲ್ಲ, ಉಳಿದವು ತಲೆ ಯಾವ ಕಡೆಗೋ ಆ ಕಡೆಗೇ ನಡೆಯುತ್ತವೆ ಎಂದುಕೊಂಡು, ದೂರ ಹೋಗುವ ಸ್ಕ್ವಿಡ್‌ಗಳಿಗೆಲ್ಲ ‘ಹತ್ತಿರ ಬರುತ್ತಿದೆ’ ಎಂದು ಗುರುತು ಹಾಕಿದ್ದೆವು. ಸಂಶೋಧಕಿ ಫೋನ್ ಮಾಡಿ, ಚೀಲದಿಂದ ನೀರು ಚಿಮ್ಮಿಸಿ ಅದು ಹಿಂದು ಮುಂದಾಗಿಯೇ ಓಡುತ್ತದೆ, ತಲೆ ನೋಡಬೇಡಿ, ಮೈ ದೊಡ್ಡದಾಗುತ್ತಿದೆಯೋ ಚಿಕ್ಕದಾಗುತ್ತಿದೆಯೋ ನೋಡಿ ಎಂದರು. ಅಷ್ಟನ್ನೂ ತಿದ್ದಿದೆವು. ಕರೆಂಟ್ ಹೋಗಿ ಇನ್ವರ್ಟರ್ ಕೈಕೊಟ್ಟು ಒಂದು ಡಿಸ್ಕ್ ಓದಲಾರದಂತಾಯಿತು. ಅದರ ನಕಲು ಕರಾವಳಿಯಿಂದ ಮತ್ತೆ ಬರುವ ತನಕ ಕಾದೆವು. ಇವೆಲ್ಲ ಚಿಕ್ಕ ತೊಡಕುಗಳು. ಇವುಗಳಿಂದ ಏನೂ ಕೆಡಲಿಲ್ಲ.

ಕೆಲಸದ ನಿಯಮ ಹೀಗಿತ್ತು. ಉದ್ದ ಚಿತ್ರವನ್ನು ತುಣುಕು ಮಾಡಿ ಕಳಿಸುತ್ತಿದ್ದರು. ಪ್ರತಿ ತುಣುಕನ್ನೂ ಕಡಿಮೆಯೆಂದರೆ ಇಬ್ಬರು ನೋಡಬೇಕು. ಸ್ಕ್ವಿಡ್ ಎಲ್ಲಿಂದ ಬಂತು, ತೋಳು ಹೇಗೆ ಹಿಡಿದಿತ್ತು, ಮೈ ಬಣ್ಣ ಕಪ್ಪಾಯಿತೋ ಬಿಳಿಚಿತೋ, ಬಳೆಯನ್ನು ಮುಟ್ಟಿತೋ ಇಲ್ಲವೋ, ಹೇಗೆ ಹೋಯಿತು ಎಂದು ಗುರುತು ಹಾಕಬೇಕು. ಇಬ್ಬರೂ ಬೇರೆ ಬೇರೆಯಾಗಿ ನೋಡಬೇಕು ಎಂದೂ ಹೇಳಿದ್ದರು. ನಾವು ಕೇಳಿಸಿಕೊಂಡಿದ್ದೆವು. ಇಬ್ಬರು ಎಂದರೆ ಎರಡು ಕೈ ಹೆಚ್ಚು, ಕೆಲಸ ಪಕ್ಕಾ ಆಗಲಿ ಎಂದು ಹೇಳಿರಬೇಕು ಅಂದುಕೊಂಡೆವು.

ನಮ್ಮ ಸೀಮೆಯಲ್ಲಿ ತೊಗರಿಯ ಕಳೆ ತೆಗೆಯುವ ಕಾಲಕ್ಕೆ ಹೆಂಗಸರು ಮುಯ್ಯಿ ಹೋಗುತ್ತಾರೆ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಸಾಲಿಗೊಬ್ಬರಂತೆ ಹಿಡಿದು ಹೊರಡುತ್ತಾರೆ. ತನ್ನ ಸಾಲು ಮೊದಲು ಮುಗಿಸಿದಾಕೆ ಬದುವಿನ ಮೇಲೆ ಕೂರುವುದಿಲ್ಲ; ತಿರುಗಿ, ಹಿಂದೆ ಬಿದ್ದಾಕೆಯ ಸಾಲನ್ನು ಎದುರು ತುದಿಯಿಂದ ಹಿಡಿದು ಬರುತ್ತಾಳೆ. ನಡುವೆ ಇಬ್ಬರ ಕಳೆ ಕೀಳುವ ಕುರ್ಪಿ ಕೂಡಿದಾಗ ಆ ಸಾಲು ಮುಗಿಯಿತು. ಒಬ್ಬಾಕೆಯನ್ನು ಸಾಲಿನಲ್ಲಿ ಬಿಟ್ಟು ಉಳಿದವರು ಬುತ್ತಿ ಬಿಚ್ಚುವುದು ನಮ್ಮಲ್ಲಿ ನಾಚಿಕೆಗೇಡಿನ ಮಾತು.

ಕೋಣೆಯಲ್ಲೂ ಹಾಗೇ ಆಯಿತು. ಯಾರೂ ಯಾರಿಗೂ ಹೇಳಿದ್ದಿಲ್ಲ. ತನ್ನ ತುಣುಕುಗಳು ಮುಗಿದ ಕೂಡಲೇ ಕರಜಗಿಯಾಕೆ ಕುರ್ಚಿ ಎಳೆದುಕೊಂಡು ಅಂದೋಲಾದಾಕೆಯ ಪಕ್ಕ ಕೂರುತ್ತಿದ್ದಳು. "ಎಲ್ಲಿ ಅದ ನಿಂದು? ಓ, ಇದಾ? ಇದು ನಾ ನೋಡೀನಿ. ಇಲ್ಲಿ ಮುಟ್ಟಂಗಿಲ್ಲ ಅದು, ಬರೇ ನೋಡಿ ಹೋಗ್ತದ. ಹಾಕು ಗುರುತು." ನಾನು ಹಿಂದೆ ಬಿದ್ದ ದಿನ ಇಬ್ಬರೂ ನನ್ನ ಎಡಕ್ಕೂ ಬಲಕ್ಕೂ ಬಂದು ಕೂರುತ್ತಿದ್ದರು. ಮೂವರ ಕೆಲಸವೂ ಒಟ್ಟಿಗೇ ಮುಗಿಯುತ್ತಿತ್ತು. ಆಮೇಲೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ನಡುವೆ ಇಟ್ಟುಕೊಂಡು ಊಟ. ಆ ಕೋಣೆಯಲ್ಲಿ ಮನಸ್ಸಿಗೆ ಭಾರ ಇರಲಿಲ್ಲ.

ಬಂದು ಹೋದ ಸ್ಕ್ವಿಡ್ಡೇ ಮರಳಿ ಬಂದಿದೆ ಎಂದು ಅಂದೋಲಾದಾಕೆಗೆ ಅನಿಸಿದ್ದು ಅಂಥ ಒಂದು ದಿನ.

"ಅಕ್ಕೋರೆ, ಜರಾ ಬರ್ರಿ ಇಲ್ಲಿ."

ಹೋಗಿ ನೋಡಿದೆ. ಬಳೆಯ ಮುಂದೆ ಒಂದು ಸ್ಕ್ವಿಡ್ ತೂಗುತ್ತ ನಿಂತಿತ್ತು. ಮೈ ಕಪ್ಪೇರಿತು. ಎರಡು ಎಳೆಗಳಲ್ಲಿ ಒಂದನ್ನು ಅರ್ಧ ಚಾಚಿ ಮತ್ತೆ ಒಳಗೆಳೆದುಕೊಂಡಿತು. ಮುಟ್ಟಲಿಲ್ಲ; ಹೋಯಿತು. ಅವಳು ಚಿತ್ರ ಮುಂದಕ್ಕೆ ಓಡಿಸಿದಳು. ಬರೀ ಹೊಟ್ಟು. ಆಮೇಲೆ ಕೆಳಗಿನ ಮೂಲೆಯಿಂದ ಒಂದು ಸ್ಕ್ವಿಡ್ ಬಂತು.

"ರೆಕ್ಕಿ ನೋಡ್ರಿ. ಎಡಗಡೆ ಅಂಚಿಗೆ ಒಂದು ಕಚ್ಚು ಅದ. ಆಗಳೆ ಬಂದಿದ್ದಕ್ಕೂ ಇತ್ತು. ಅದೇ ಅದ್ರಿ ಇದು."

"ಹೌದ್ ನೋಡ್ರಿ, ಅದೇ!" ಎಂದಳು ಕರಜಗಿಯಾಕೆ. "ಸಂತ್ಯಾಗ ಸೀರಿ ಹಿಡಿದು ನೋಡಿ ಮುಂದಿನ ಅಂಗಡಿಗೆ ದರ ಕೇಳಾಕ ಹೋಗಿತ್ತು. ಈಗ ತಿರುಗಿ ಬಂದದ."

ನನಗೂ ಕಚ್ಚು ಕಂಡಿತು. ಬೂದಿಯ ಮೇಲಿನ ಬೂದಿಯಲ್ಲಿ ಅಂಚು ಒಂದು ಕಡೆ ಒಳಗೆ ಹೋಗಿತ್ತು. ಮೂವರೂ ‘ಅದೇ ಪ್ರಾಣಿ’ ಎಂದು ಗುರುತು ಹಾಕಿದೆವು. ಅಲ್ಲಿಂದ ಮುಂದೆ ಪ್ರತಿ ಡಿಸ್ಕಿನಲ್ಲೂ ಮರಳಿ ಬರುವ ಸ್ಕ್ವಿಡ್‌ಗಳು ನಮಗೆ ಸಿಗತೊಡಗಿದವು. ಒಂದಕ್ಕೆ ರೆಕ್ಕೆಯಲ್ಲಿ ಕಚ್ಚು, ಇನ್ನೊಂದಕ್ಕೆ ಒಂದು ತೋಳು ಗಿಡ್ಡ, ಮತ್ತೊಂದಕ್ಕೆ ಮೈಮೇಲೆ ಬಿಳಿ ಕಲೆ. ಮೊದಲು ಕಾಣುವುದು ಅಂದೋಲಾದಾಕೆಗೆ, ಆಮೇಲೆ ನಮಗೆ.

ಸಂಶೋಧಕಿ ಆ ಗುರುತುಗಳನ್ನು ಕಂಡು ತಾವೇ ಫೋನ್ ಮಾಡಿದರು. ದನಿಯಲ್ಲಿ ಉತ್ಸಾಹ ಇತ್ತು. "ಅದೇ ಪ್ರಾಣಿ ತಿರುಗಿ ಬರ್ತದೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ಹಸಿವಿಗೆ ಬಂದದ್ದು ಒಂದು ಸಲ ನೋಡಿ ಹೋಗ್ತದೆ. ಎರಡನೇ ಸಲ ಬಂದ್ರೆ ಅದು ಏನನ್ನೋ ಪರೀಕ್ಷೆ ಮಾಡ್ತಾ ಉಂಟು ಅಂತ."

ಮುಂದಿನ ಸಮುದ್ರಯಾನದ ಯೋಜನೆ ಆಗ ಅವರ ಕೈಯಲ್ಲಿತ್ತು. ಹಡಗು ಸಿಗುವುದೇ ಅಪರೂಪ. ಮೊದಲಿನ ಲೆಕ್ಕದ ಪ್ರಕಾರ ಕ್ಯಾಮೆರಾವನ್ನು ಹಲವು ಜಾಗಗಳಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಇಳಿಸಬೇಕಿತ್ತು. ನಮ್ಮ ಮಾತು ನಿಜವಾದರೆ ಉಳಿದ ಜಾಗಗಳನ್ನೆಲ್ಲ ಕೈಬಿಟ್ಟು ಒಂದೇ ಕಡೆ ಕ್ಯಾಮೆರಾ ಬಿಟ್ಟು ಕೂರಬೇಕು. ಹಾಗೆ ಕೂತು ಏನೂ ಸಿಗದಿದ್ದರೆ ಯಾನವೇ ಹಾಳು. ಮತ್ತೆ ಹಡಗು ಯಾವಾಗ ಸಿಗುವುದೋ. ಅಂದರೆ ಅವರ ಒಂದಿಡೀ ಯಾನ ನಮ್ಮ ‘ಅದೇ’ ಎಂಬ ಮಾತಿನ ಮೇಲೆ ನಿಂತಿತ್ತು. ಇದನ್ನು ಊಟದ ಹೊತ್ತಿಗೆ ಹೇಳಿದಾಗ ಅಂದೋಲಾದಾಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಖರೇನ?" ಎಂದಳು. ಅವಳ ಮುಖ ಅರಳಿತ್ತು.

ಕೆಲವು ದಿನ ಬಿಟ್ಟು ಸಂಶೋಧಕಿ ಮತ್ತೆ ಫೋನ್ ಮಾಡಿದರು. ಈ ಸಲ ದನಿ ಬೇರೆ ಇತ್ತು.

"ನಿಮ್ಮ ಮೂವರ ಗುರುತುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದೆ. ಎಲ್ಲಾ ಕೂಡ್ತವೆ. ಒಂದು ಕಡೆಯೂ ವ್ಯತ್ಯಾಸ ಇಲ್ಲ."

ನನಗೆ ಅದು ಹೊಗಳಿಕೆ ಎಂದೇ ಅನಿಸಿತು. "ಹೌದ್ರಿ, ಬರೋಬ್ಬರಿ ನೋಡ್ತೇವ್ರಿ," ಎಂದೆ.

"ಹಾಗಲ್ಲ. ಇಷ್ಟು ಕೂಡಬಾರದು. ಈ ಮಸುಕು ಚಿತ್ರದಲ್ಲಿ ನಾನು ಇವತ್ತು ನೋಡಿದ್ದೇ ನಾನು ನಾಳೆ ನೋಡಿದ್ದಕ್ಕೆ ಕೂಡುವುದಿಲ್ಲ. ನೀವು ಹೇಗೆ ನೋಡ್ತೀರಿ, ಸ್ವಲ್ಪ ಬಿಡಿಸಿ ಹೇಳಿ."

ನಾನು ಬಿಡಿಸಿಯೇ ಹೇಳಿದೆ. ತೊಗರಿ ಹೊಲ, ಸಾಲು, ಹಿಂದೆ ಬಿದ್ದಾಕೆಯ ಸಾಲನ್ನು ಎದುರಿನಿಂದ ಹಿಡಿಯುವುದು, ಎಲ್ಲ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು.

"ಹಾಗಾದ್ರೆ ಆ ರೆಕ್ಕೆ ಕಚ್ಚಿನ ಸ್ಕ್ವಿಡ್ಡನ್ನು ಅದೇ ಅಂತ ಗುರುತಿಸಿದ್ದು ಎಷ್ಟು ಜನ? ಮೂವರೋ, ಒಬ್ಬರೋ?"

ಕಳೆ ಕಿತ್ತರೆ ಹೋಯಿತು; ಯಾರ ಕೈ ಕಿತ್ತಿತು ಎಂದು ತೊಗರಿ ಕೇಳುವುದಿಲ್ಲ. ಇಲ್ಲಿ ಯಾರ ಕಣ್ಣು ಕಂಡಿತು ಎಂಬುದೇ ಬೆಳೆ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಗೊತ್ತಿಲ್ಲದೆ ನೋಡಿ ಅದನ್ನೇ ಹೇಳಿದರೆ ಮಾತಿಗೆ ತೂಕ. ನಮ್ಮಲ್ಲಿ ನೋಡಿದ್ದು ಒಬ್ಬಾಕೆ; ಉಳಿದಿಬ್ಬರು ಕೇಳಿದ್ದೆವು.

ಸಂಶೋಧಕಿ ಬೈಯಲಿಲ್ಲ. ನಿಯಮ ಹೇಳಿದ್ದರೂ ಅದರ ಕಾರಣವನ್ನು ತಾನು ಹೇಳಿರಲಿಲ್ಲ ಎಂದರು. ಎರಡು ದಾರಿ ಮುಂದಿಟ್ಟರು. ಒಂದು, ಮರಳಿ ಬರುವ ಗುರುತುಗಳನ್ನು ಮಾತ್ರ ಕೈಬಿಟ್ಟು ಉಳಿದದ್ದನ್ನು ಇದ್ದ ಹಾಗೆ ಇಟ್ಟುಕೊಂಡು, ಹಡಗನ್ನು ಹಳೆಯ ಯೋಜನೆಯಂತೆ ಕಳಿಸುವುದು. ಯಾರೂ ಏನೂ ಕೇಳುವುದಿಲ್ಲ. ಇನ್ನೊಂದು, ಎಲ್ಲವನ್ನೂ ಮೊದಲಿಂದ ಬೇರೆ ಬೇರೆ ನೋಡುವುದು. ಆದರೆ ಹಾಗೆ ಮಾಡಿದರೆ ಯಾಕೆಂದು ತನ್ನ ಗುಂಪಿನ ಹಿರಿಯರಿಗೆ ಹೇಳಬೇಕಾಗುತ್ತದೆ; ಅವರು ಆಳಂದದ ಕೋಣೆಯೇ ಬೇಡ ಎಂದರೂ ಎನ್ನಬಹುದು. "ನಾನು ಒತ್ತಾಯ ಮಾಡುವುದಿಲ್ಲ, ನೀವು ಯೋಚನೆ ಮಾಡಿ ಹೇಳಿ," ಎಂದು ಫೋನ್ ಇಟ್ಟರು.

ಮಾರನೆಯ ದಿನ ಭಾನುವಾರ. ಇಬ್ಬರೂ ಊರಿಗೆ ಹೋಗಿದ್ದರು. ನಾನೊಬ್ಬಳೇ ಕೋಣೆಗೆ ಹೋಗಿ ಕಂಬಳಿ ಸರಿಮಾಡಿ, ಆ ಮೊದಲ ತುಣುಕನ್ನು ಹಾಕಿಕೊಂಡೆ. ಏನೂ ಗೊತ್ತಿಲ್ಲದವಳ ಹಾಗೆ ನೋಡಬೇಕೆಂದು ಕೂತೆ. ಸ್ಕ್ವಿಡ್ ಬಂತು, ಕಪ್ಪೇರಿತು, ಹೋಯಿತು. ಮತ್ತೊಂದು ಬಂತು. ರೆಕ್ಕೆಯ ಅಂಚು ನನ್ನ ಕಣ್ಣಿಗೆ ಕಾಣುವ ಮೊದಲೇ ‘ಅದೇ ಅದ್ರಿ ಇದು’ ಎಂಬ ಮಾತು ಕಿವಿಗೆ ಬಂತು. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ನಿಧಾನ ಮಾಡಿ ನೋಡಿದೆ. ಪ್ರತಿ ಸಲವೂ ಮಾತು ಮೊದಲು, ಕಚ್ಚು ಆಮೇಲೆ. ಬೇಸರವಾಗಿ ಒಂದು ಸಾದಾ ತುಣುಕು ಹಾಕಿದೆ. ಅದರಲ್ಲಿ ಸ್ಕ್ವಿಡ್ ಬಳೆ ಮುಟ್ಟಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಅಲ್ಲೂ ಕರಜಗಿಯಾಕೆಯ ದನಿ: ‘ಮುಟ್ಟಂಗಿಲ್ಲ ಅದು.’ ಆಗ ತಿಳಿಯಿತು, ಮರಳಿ ಬರುವ ಗುರುತುಗಳನ್ನು ಮಾತ್ರ ತೆಗೆದು ಹಾಕಿದರೆ ಉಳಿದದ್ದು ಶುದ್ಧವಾಗುವುದಿಲ್ಲ. ಎಲ್ಲವೂ ಅದೇ ಕೈಯಲ್ಲಿ ಬಿತ್ತಿದ್ದು. ಸಂಜೆ ಫೋನ್ ಮಾಡಿ ಎಲ್ಲವನ್ನೂ ಮೊದಲಿಂದ ನೋಡುತ್ತೇವೆ ಎಂದೆ.

ಸೋಮವಾರ ಇಬ್ಬರಿಗೂ ಹೇಳಿದೆ. ಕರಜಗಿಯಾಕೆ ಚೀಲವನ್ನು ಹೆಗಲಿಂದ ಇಳಿಸದೆಯೇ ಕೇಳಿದಳು.

"ಬಿತ್ತಿ ಎದ್ದ ಹೊಲ ಮತ್ತ ಹರಗ್ರಿ ಅಂತೀರಲ್ರಿ ಅಕ್ಕೋರೆ!"

"ಎದ್ದದ್ದು ಬೆಳಿಯೋ ಕಸಾನೋ ಗೊತ್ತಿಲ್ಲಲ್ಲ ಬೇ."

"ಒಬ್ಬಾಕೀನ ಬಿಟ್ಟು ನಾವು ಸುಮ್ಮ ಕುಂದ್ರಬೇಕಿತ್ತೇನು? ಮನುಷ್ಯಾರೇನು ನಾವು?"

ಅಂದೋಲಾದಾಕೆ ಗೋಡೆಗೆ ಒರಗಿ ನಿಂತಿದ್ದಳು. "ಅಕ್ಕೋರೆ, ಖರೇ ಹೇಳ್ರಿ. ನಾ ಸುಳ್ಳ ಹೇಳೀನಿ ಅಂತಾರೇನ್ರಿ ಆ ಕರಾವಳಿ ಮೇಡಂ?"

"ಸುಳ್ಳ ಅಂತ ಯಾರೂ ಅಂದಿಲ್ಲ ತಂಗಿ. ನೀ ‘ಅದೇ’ ಅಂದಿ. ನಾವು ‘ಹೂಂ’ ಅಂದ್ವಿ. ಗಡಬಡಿ ಆಗಿದ್ದು ನಮ್ಮ ಹೂಂನಾಗ."

"ಮತ್ತ ನೋಡಿದ್ರ ನಂದು ಸುಳ್ಳ ಅಂತ ಬಂದ್ರ?"

"ಬರಬಹುದು," ಎಂದೆ. ಅವಳು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಆ ದಿನ ಊಟದ ಹೊತ್ತಿಗೆ ಹಸಿವಿಲ್ಲ ಎಂದಳು.

ಮೊದಲು 'ಒಂದೇ ಕೋಣೆಯಲ್ಲಿ, ಮಾತಿಲ್ಲದೆ' ಎಂದು ಪ್ರಯತ್ನ ಮಾಡಿದೆವು. ಕಂಪ್ಯೂಟರುಗಳ ನಡುವೆ ಹಗ್ಗ ಕಟ್ಟಿ ಹಳೆ ಸೀರೆ ಇಳಿಬಿಟ್ಟೆ. ಕೆಲಸಕ್ಕೆ ಬರಲಿಲ್ಲ. ಸ್ಕ್ವಿಡ್ ಬಂದ ಕೂಡಲೇ ಕರಜಗಿಯಾಕೆ ಸೀರೆಯ ಆಚೆಯಿಂದ "ಅಯ್ಯ!" ಎನ್ನುವಳು. ಅಂದೋಲಾದಾಕೆಯ ಕುರ್ಚಿ ಕಿರ್ ಎಂದರೆ ಅವಳು ಏನೋ ಕಂಡು ಮುಂದೆ ಬಾಗಿದ್ದಾಳೆ ಎಂದು ನಮಗೆ ಗೊತ್ತಾಗುತ್ತಿತ್ತು.

"ಬಾಯಿ ಮುಚ್ಚಿಕೋ ಅಂದ್ರ ಮುಚ್ಚಿಕೊಳ್ಳಾಕ ಆಗೂದಿಲ್ಲೇನ ಯಕ್ಕಾ?" ಎಂದಳು ಅಂದೋಲಾದಾಕೆ ಒಮ್ಮೆ, ಸಿಟ್ಟಿನಲ್ಲಿ.

"ಬಾಯಿ ನಂದಲ್ಲ ಬೇ, ಅದು ತಾನೇ ಬರ್ತದ."

ಹೀಗಾಗಿ ಕಂಪ್ಯೂಟರುಗಳನ್ನು ಅವರವರ ಊರಿಗೇ ಕಳಿಸಿದೆ. ಒಂದು ಅಫಜಲಪುರದ ಬಸ್ಸಿಗೆ, ಒಂದು ಜೇವರ್ಗಿಯ ಬಸ್ಸಿಗೆ. ಕರಜಗಿಯಲ್ಲಿ ಅದು ಪೈಪು, ಸಲಿಕೆ ಇಡುವ ಕೋಣೆಯಲ್ಲಿ ಕೂತಿತು. ಕಬ್ಬಿಗೆ ನೀರು ಬಿಡುವ ಹೊತ್ತಿನಲ್ಲಿ ವೋಲ್ಟೇಜ್ ಬೀಳುತ್ತದೆಂದು ಅವಳು ಮೋಟಾರು ನಿಂತ ಮೇಲೆ ನೋಡುತ್ತಿದ್ದಳು. ಅಂದೋಲಾದಲ್ಲಿ ಮಾಳಿಗೆಯ ಮೇಲಿನ ಸಣ್ಣ ಕೋಣೆ. ನಾನು ಆಳಂದದಲ್ಲೇ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಮೂವರೂ ನೋಡಿ ಕಳಿಸುವ ತನಕ ಸ್ಕ್ವಿಡ್ಡಿನ ಸುದ್ದಿ ಎತ್ತಬಾರದು ಎಂದು ಮಾತಾಯಿತು.

ಸಂಶೋಧಕಿ ತುಣುಕುಗಳನ್ನು ಹೊಸದಾಗಿ ತಯಾರಿಸಿದ್ದರು. ನಮ್ಮ ನೆನಪು ಅಡ್ಡ ಬರಬಾರದೆಂದು ಹೆಸರು ಬದಲಿಸಿ, ಕೆಲವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ತಿರುಗಿಸಿದ್ದರು. ಮರಳಿ ಬರುವ ಪ್ರಶ್ನೆಗೆ ಬಂದು ಹೋದ ಸ್ಕ್ವಿಡ್ ಒಂದು ತುಣುಕು, ಆಮೇಲೆ ಬಂದದ್ದು ಇನ್ನೊಂದು ತುಣುಕು, ಹೀಗೆ ಜೋಡಿ ಜೋಡಿ ಮಾಡಿದ್ದರು. ಉತ್ತರ ಮೂರೇ: ಅದೇ, ಬೇರೆ, ಹೇಳಲಾಗದು. ಜೊತೆಗೆ ಒಂದು ಉಪಾಯ ಮಾಡಿದ್ದರು, ಅದನ್ನೂ ಮುಂಚೆಯೇ ತಿಳಿಸಿದ್ದರು. ಕೆಲವು ಜೋಡಿಗಳು ಬೇಕೆಂದೇ ಸೇರಿಸಿದ ಸುಳ್ಳು ಜೋಡಿಗಳು; ಒಂದು ಸ್ಕ್ವಿಡ್ ಒಂದು ಯಾನದ್ದು, ಇನ್ನೊಂದು ಬೇರೆ ಯಾನದಲ್ಲಿ ಬೇರೆ ದೂರದ ಜಾಗದ್ದು. ಯಾವವು ಸುಳ್ಳು ಎಂಬುದು ಮಾತ್ರ ನಮಗೆ ಗೊತ್ತಿಲ್ಲ.

ಒಬ್ಬಳೇ ಕೂತು ನೋಡುವುದು ಬೇರೆಯೇ ಕೆಲಸ. ಮೊದಲು ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಇತ್ತು. ಈಗ ಹೊಟ್ಟಿನ ನಡುವೆ ಬೂದಿ ಗಟ್ಟಿಯಾಯಿತೋ ಇಲ್ಲವೋ ಎಂಬುದಕ್ಕೂ ನಾನೇ ಹೊಣೆ. ಒಂದು ಜೋಡಿಯನ್ನು ಬೆಳಿಗ್ಗೆ ನೋಡಿ ‘ಅದೇ’ ಎಂದು ಹಾಕಿ, ಊಟ ಮಾಡಿ ಬಂದು ನೋಡಿ ‘ಹೇಳಲಾಗದು’ ಎಂದು ಬದಲಿಸಿದೆ. ಮೊದಲಿನ ಕೋಣೆಯಲ್ಲಿ ‘ಹೇಳಲಾಗದು’ ಎಂಬ ಗುರುತನ್ನು ನಾವು ಬಳಸಿದ್ದೇ ಇಲ್ಲ. ಮೂವರು ಕೂತಾಗ ಯಾರಾದರೊಬ್ಬರಿಗೆ ಏನಾದರೊಂದು ಗೊತ್ತಿರುತ್ತಿತ್ತು.

ಕರಜಗಿಯಾಕೆ ನಡುವೆ ಒಮ್ಮೆ ಫೋನ್ ಮಾಡಿದಳು.

"ಅಕ್ಕೋರೆ, ಏನ್ ಅಡಗಿ ಮಾಡೀರಿ?"

"ಝುಣಕ ಮಾಡೀನಿ. ಯಾಕ?"

"ಏನಿಲ್ಲ, ಹಂಗೇ ಕೇಳ್ದೆ. ಮತ್ತೇನೂ ಕೇಳೂದಿಲ್ಲ ನಾ." ಸ್ವಲ್ಪ ತಡೆದು, "ಕೇಳಬೇಕು ಅನಸ್ತದ. ಕೇಳೂದಿಲ್ಲ," ಎಂದು ಇಟ್ಟುಬಿಟ್ಟಳು.

ಅಂದೋಲಾದಾಕೆ ಫೋನ್ ಮಾಡಲಿಲ್ಲ. ಅವಳ ಗುರುತುಗಳೇ ಎಲ್ಲರಿಗಿಂತ ತಡವಾಗಿ ಬಂದವು. ಹಿಂದೆ ಬಿದ್ದಿದ್ದಾಳೆ ಎಂದು ಗೊತ್ತಿದ್ದೂ ಅವಳ ಸಾಲಿಗೆ ಯಾರೂ ಎದುರಾಗಿ ಹೋಗಲಿಲ್ಲ. ಅಷ್ಟು ದಿನ ಸುಮ್ಮನೆ ಕೂರುವುದು ನನಗೆ ಸುಲಭವಾಗಲಿಲ್ಲ.

ಎಲ್ಲ ಸೇರಿದ ಮೇಲೆ ಸಂಶೋಧಕಿ ಫಲಿತಾಂಶ ಹೇಳಿದರು. ಸಾದಾ ಗುರುತುಗಳಲ್ಲಿ ನಾವು ಬಹಳ ಕಡೆ ಕೂಡಿದ್ದೆವು, ಕೆಲವು ಕಡೆ ಕೂಡಿರಲಿಲ್ಲ, ಎಲ್ಲರ ಹಾಗೆ. ಮರಳಿ ಬರುವ ಜೋಡಿಗಳಲ್ಲಿ ಮಾತ್ರ ಮಾತು ಬೇರೆ. ಸುಳ್ಳು ಜೋಡಿಗಳಿಗೂ ನಾವು ‘ಅದೇ’ ಎಂದಿದ್ದೆವು. ಮೂವರೂ ಎಂದಿದ್ದೆವು, ಆದರೆ ಬೇರೆ ಬೇರೆ ಜೋಡಿಗಳಿಗೆ. ಒಂದೇ ಸಮುದ್ರದ ಎರಡು ತುದಿಯ ಪ್ರಾಣಿಗಳನ್ನು ನಾನು ಒಂದು ಮಾಡಿದ್ದೆ. ರೆಕ್ಕೆಯಲ್ಲಿ ಕಚ್ಚು ಇರುವ ಸ್ಕ್ವಿಡ್‌ಗಳು ಬಹಳ ಇವೆಯಂತೆ. ಅಲ್ಲಿ ಒಂದನ್ನೊಂದು ಕಚ್ಚುವುದೇನೂ ಅಪರೂಪವಲ್ಲ.

ಮೂವರೂ ನಮ್ಮ ನಮ್ಮ ಊರಲ್ಲಿ ಕೂತು ‘ಅದೇ’ ಎಂದ ನಿಜವಾದ ಜೋಡಿಗಳು ಬೆರಳೆಣಿಕೆಯಷ್ಟು ಉಳಿದವು. ಯಾನವನ್ನು ಬದಲಿಸಲು ಅಷ್ಟು ಸಾಲದು. ಹಡಗು ಹಳೆಯ ಯೋಜನೆಯಂತೆ ಹಲವು ಜಾಗಗಳಿಗೇ ಹೋಗುವುದೆಂದೂ, ಒಂದು ಜಾಗದಲ್ಲಿ ಮಾತ್ರ ಕ್ಯಾಮೆರಾ ಹೆಚ್ಚು ಹೊತ್ತು ಇಳಿಬಿಡುವುದೆಂದೂ ತೀರ್ಮಾನವಾಯಿತು. ಹಿರಿಯರ ಗುಂಪಿನಲ್ಲಿ ಒಬ್ಬರು ಆಳಂದದ ಕೆಲಸ ನಿಲ್ಲಿಸಿ ಎಂದರಂತೆ. ಸಂಶೋಧಕಿ ಹೊಸ ಫಲಿತಾಂಶ ತೋರಿಸಿ, "ಇವರು ಎಲ್ಲಿ ತಪ್ಪುತ್ತಾರೆ ಅಂತ ಈಗ ನಮಗೆ ಗೊತ್ತುಂಟು, ಬೇರೆಯವರದ್ದು ಗೊತ್ತಿಲ್ಲ," ಎಂದರಂತೆ. ಕೆಲಸ ಉಳಿಯಿತು. ಆದರೆ ಮುಂದೆಯೂ ಮೂರು ಊರುಗಳಲ್ಲೇ. ಕೋಣೆಯ ಬೀಗದ ಕೈ ಅಂಗಡಿಯ ಮಾಲಕರಿಗೆ ಮರಳಿಸಿದೆ.

ಯಾವ ಜೋಡಿ ಹಳೆಯ ಯಾವ ತುಣುಕಿನದು, ಯಾರು ಅದಕ್ಕೆ ಏನು ಹಾಕಿದ್ದರು ಎಂಬುದನ್ನೂ ಸಂಶೋಧಕಿ ಕಳಿಸಿದ್ದರು. ಸುದ್ದಿ ಹೇಳಲು ಇಬ್ಬರನ್ನೂ ಒಂದೇ ಫೋನಿನಲ್ಲಿ ಕೂಡಿಸಿದೆ. ಕರಜಗಿಯ ಕಡೆ ಮೋಟಾರಿನ ಸದ್ದು ಕೇಳುತ್ತಿತ್ತು. ಕೆಲಸ ಉಳಿದದ್ದನ್ನು ಕೇಳಿ ಆಕೆ "ಹಾಂ, ಇರಲಿ," ಎಂದಳು. ಅಂದೋಲಾದಾಕೆ ಒಂದೇ ಮಾತು ಕೇಳಿದಳು.

"ಆ ಮೊದಲಿಂದು ಏನಾಯ್ತ್ರಿ ಅಕ್ಕೋರೆ? ನಾ ತೋರಿಸಿದ್ದು?"

"ನಾ ‘ಅದೇ’ ಅಂತ ಹಾಕೀನಿ."

"ಯಕ್ಕ?"

"ನಂದು ‘ಹೇಳಲಾಗದು’ ಇರಬೇಕು ನೋಡ್ರಿ," ಎಂದಳು ಕರಜಗಿಯಾಕೆ. "ಬಹಳ ಕಡೆ ಅದನ್ನೇ ಹಾಕೀನಿ. ಸಿಗಬೀಳೂದು ಯಾಕ?"

"ಹೌದು, ಅದೇ ಹಾಕೀದಿ."

"ಮತ್ತ ನಾ?"

"ನೀ ‘ಬೇರೆ’ ಅಂತ ಹಾಕೀದಿ ಬೇ."



"ನಾನ? ನಾನೇ ಹಾಕೀನೇನ್ರಿ?"

"ನೀನೇ. ಆ ಜೋಡಿ ಎರಡನ್ನೂ ತಿರುಗಿಸಿ ಇಟ್ಟಿದ್ರು, ಎಡಗಡೆ ಕಚ್ಚು ಬಲಕ್ಕ ಬಂದಿತ್ತು. ನಿನಗ ಗುರ್ತು ಸಿಕ್ಕಿಲ್ಲ. ನೋಡೀದಿ, ಬೇರೆ ಅಂದೀದಿ."

ಕರಜಗಿಯಾಕೆ ನಗಲು ಹೊರಟು ತಡೆದುಕೊಂಡಳು. ಮೊದಲು ನಕ್ಕದ್ದು ಅಂದೋಲಾದಾಕೆಯೇ. ಸಣ್ಣಗೆ ಶುರುವಾಗಿ, ಮಾತಾಡಲಾರದಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ದನಿ ಹಗುರಾಗಿತ್ತು.

"ಹಂಗಾದ್ರ ಬೇರೇನೇ ಇರಬೇಕು ಬಿಡ್ರಿ. ನಿಮ್ಮದೂ ತಿದ್ರಿ ಅಕ್ಕೋರೆ, ‘ಬೇರೆ’ ಅಂತ ಹಾಕ್ರಿ."

"ತಿದ್ದೂದಿಲ್ಲ ತಂಗಿ. ನಾ ನೋಡಿದಾಗ ನನಗ ಅದೇ ಕಂಡದ."

"ನಾ ಹೇಳಿದ್ರೂ ತಿದ್ದೂದಿಲ್ಲೇನ್ರಿ?"

"ನೀ ಹೇಳಿದ್ರೂ ತಿದ್ದೂದಿಲ್ಲ."

"ನೋಡ ಯಕ್ಕಾ, ಅಕ್ಕೋರು ಈಗ ನನ್ನ ಮಾತ ಕೇಳೂದು ಬಿಟ್ಟಾರ," ಎಂದಳು ಅವಳು. ಮೋಟಾರಿನ ಸದ್ದಿನ ನಡುವೆ ಕರಜಗಿಯಾಕೆ ಏನೋ ಅಂದಳು, ನನಗೆ ಕೇಳಿಸಲಿಲ್ಲ. ಆ ಜೋಡಿಯ ಮುಂದೆ ಮೂರು ಗುರುತುಗಳು ಹಾಗೆಯೇ ಇವೆ: ಅದೇ, ಹೇಳಲಾಗದು, ಬೇರೆ.